ನಾಟಕೋತ್ಸವದಲ್ಲಿ ಹಾಸ್ಯ ನಾಟಕ, ಹಾಡಿನ ನಾಟಕ: ಯಾವುದನ್ನು ಆರಿಸೋದು, ಎಲ್ಲಿ ಕೂರೋದು?

ಮೂರನೇ ಬೆಲ್

ಮುಂದಿನ ವಾರ ಒಂದು ನಾಟಕೋತ್ಸವಕ್ಕೆ ಹೋಗುತ್ತಿದ್ದೇನೆ. ಪಟ್ಟಿ ಕೈಗೆ ಬಂದಿದೆ, ನೋಡಿ ತಲೆ ಗಿರ್ರೆನ್ನುತ್ತಿದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದರ ಹಿಂದೆ ಒಂದು ಪ್ರದರ್ಶನ, ಕೆಲವಂತೂ ಒಂದೇ ಹೊತ್ತಿಗೆ ಬೇರೆ ಬೇರೆ ರಂಗಮಂದಿರಗಳಲ್ಲಿ. ನನಗೆ ಇಷ್ಟ ಅಂದರೆ ಹಾಸ್ಯ ನಾಟಕ, ಆಮೇಲೆ ಹಾಡು ಕುಣಿತ ತುಂಬಿದ ನಾಟಕ. ಹಾಗಂದ ಕೂಡಲೇ ಜೊತೆಗೆ ಬರುವ ಗೆಳತಿ ಮುಖ ಸಿಂಡರಿಸಿದಳು. ನಗೋದಕ್ಕೆ ಫೋನ್ ಸಾಲದಾ, ಹಾಡಿಗೆ ಇಯರ್‌ಫೋನ್ ಇಲ್ವಾ, ಉತ್ಸವಕ್ಕೆ ಹೋಗಿ ಅಲ್ಲೂ ಅದನ್ನೇ ನೋಡ್ತೀಯಾ ಅಂತ ಅವಳ ವಾದ. ಗಟ್ಟಿ ನಾಟಕ ನೋಡಬೇಕಂತೆ.

ಹೇಗೆ ಆರಿಸಬೇಕು, ಎಲ್ಲಿ ಕೂತರೆ ಚೆನ್ನ, ದಿನಕ್ಕೆ ಎಷ್ಟು ನೋಡಬಹುದು, ಇಷ್ಟು ಹೇಳಿ ಸಾಕು. ಗೆಳತಿಯ ಬಾಯಿ ಮುಚ್ಚಿಸೋ ಉತ್ತರ ಯಾರ ಹತ್ತಿರವಾದರೂ ಇದ್ದರೆ ಅದನ್ನೂ ಕೊಡಿ.

ಹಿಂದಿನ ಸಾಲು

ಮೊದಲು ಗೆಳತಿಗೆ ಉತ್ತರ. ಒಬ್ಬರೇ ಕೂತು ಫೋನಲ್ಲಿ ಹಾಸ್ಯದ ವಿಡಿಯೊ ನೋಡುವಾಗ ನಾವು ನಿಜಕ್ಕೂ ನಗುತ್ತೇವಾ? ಮೂಗಿನಿಂದ ಒಂಚೂರು ಗಾಳಿ ಬಿಡುತ್ತೇವೆ, ಹಲ್ಲು ಕಾಣಿಸುವ ಮೊದಲೇ ಬೆರಳು ಮುಂದಿನದಕ್ಕೆ ಹೋಗಿರುತ್ತದೆ. ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ನಗುವಿನ ಬಗ್ಗೆಯೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಟಿವಿ, ಪುಸ್ತಕ ಏನೂ ಇಲ್ಲದೆ ಒಬ್ಬರೇ ಇರುವ ಹೊತ್ತಿಗೆ ಹೋಲಿಸಿದರೆ, ನಾಲ್ಕು ಜನರ ನಡುವೆ ಇರುವಾಗ ನಾವು ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಅಂತ ಅವರು ಕಂಡುಕೊಂಡರು. ಟಿವಿಯವರು ಅದಕ್ಕಿಂತ ಮುಂಚೆಯೇ ಇದನ್ನು ಹಿಡಿದಿದ್ದರು. 1950ರ ದಶಕದಲ್ಲೇ ಚಾರ್ಲ್ಸ್ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ರೆಕಾರ್ಡ್ ಮಾಡಿದ ನಗುವನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಟ್ಟು, ಗುಂಡಿ ಒತ್ತಿ ಕಾರ್ಯಕ್ರಮಗಳಿಗೆ ಸೇರಿಸುತ್ತಿದ್ದ. ಮನೆಯಲ್ಲಿ ಒಂಟಿಯಾಗಿ ಕೂತವರಿಗೆ ಸುಳ್ಳು ಜನಜಂಗುಳಿ! ನಾಟಕದಲ್ಲಿ ಆ ಪೆಟ್ಟಿಗೆ ಬೇಕಾಗಿಲ್ಲ, ಪಕ್ಕದ ಸೀಟಿನಲ್ಲೇ ಅದು ಕೂತಿರುತ್ತದೆ.

ಹಾಗಾಗಿ ಎಲ್ಲಿ ಕೂರಬೇಕು ಅನ್ನೋದಕ್ಕೂ ಇದೇ ಉತ್ತರ. ಹಾಸ್ಯ ನಾಟಕಕ್ಕೆ ಜನರ ಮಧ್ಯೆ ಕೂರಿ. ನಾಲ್ಕನೆಯದೋ ಐದನೆಯದೋ ಸಾಲು, ನಡುಭಾಗ. ಮುಖದ ಹಾವಭಾವವೂ ಕಾಣುತ್ತದೆ, ಸುತ್ತಲಿನ ನಗುವೂ ಸಿಗುತ್ತದೆ. ಅಂಚಿನಲ್ಲಿ, ಖಾಲಿ ಕುರ್ಚಿಗಳ ನಡುವೆ ಕಾಲು ಚಾಚಿಕೊಂಡು ಕೂತರೆ ಅದೇ ನಾಟಕ ಸಪ್ಪೆ ಅನ್ನಿಸಿಬಿಡುತ್ತದೆ. ಅರ್ಧ ಖಾಲಿ ಸಭಾಂಗಣ ಅಂದರೆ ನಟರು ಕೆಟ್ಟವರು ಅಂತಲ್ಲ, ಚದುರಿ ಕೂತ ಜನರಲ್ಲಿ ನಗು ಒಬ್ಬರಿಂದೊಬ್ಬರಿಗೆ ದಾಟೋದೇ ಇಲ್ಲ. ಅಂಥ ಕಡೆ ಸಂಘಟಕರೇ ಎಲ್ಲರನ್ನೂ ಮುಂದೆ ಕರೆದು ಕೂರಿಸಿದರೆ ಅರ್ಧ ಕೆಲಸ ಆದ ಹಾಗೆ.

ಹಾಡು ಕುಣಿತದ ನಾಟಕಕ್ಕೆ ಇದು ಬೇರೆ. ಸ್ವಲ್ಪ ಹಿಂದೆ ಅಥವಾ ಬಾಲ್ಕನಿಯ ಮೊದಲ ಸಾಲು. ಇಪ್ಪತ್ತು ಜನ ಗುಂಪಾಗಿ ಕುಣಿಯುವಾಗ ಮೊದಲ ಸಾಲಿನವರಿಗೆ ಕಾಣೋದು ಮುಂದಿನ ಮೂವರ ಪಾದ ಮಾತ್ರ. ನನ್ನ ಹೆಸರು ನೋಡಿದರೆ ಗೊತ್ತಾಗುತ್ತದಲ್ಲ, ನಾನು ಯಾವ ಪಕ್ಷ ಅಂತ.

ನೇಪಥ್ಯ

ಹಿಂದಿನ ಸಾಲಿನವರು ನೋಡುವವರ ಕಡೆಯಿಂದ ಹೇಳಿದರು, ನಾನು ವಿಂಗ್ ಒಳಗಿನಿಂದ ಹೇಳುತ್ತೇನೆ. ರಂಗದ ಹಿಂದೆ ಕೆಲಸ ಮಾಡುವವನು ನಾನು.

ಹಾಸ್ಯ ನಾಟಕದ ತಾಲೀಮು ಎಷ್ಟು ದಿನ ಮಾಡಿದರೂ ಅರ್ಧವೇ. ಯಾಕೆಂದರೆ ಇನ್ನೊಂದು ಪಾತ್ರಧಾರಿ ತಾಲೀಮಿಗೆ ಬಂದೇ ಇರುವುದಿಲ್ಲ. ಪ್ರೇಕ್ಷಕ! ಗಂಭೀರ ನಾಟಕದಲ್ಲಿ ಸಭೆ ಸುಮ್ಮನಿದ್ದರೂ ನಡೆಯುತ್ತದೆ. ಹಾಸ್ಯದಲ್ಲಿ ನಟ ಒಂದು ಮಾತು ಆಡಿ, ನಗು ಏರುವವರೆಗೆ ಕಾಯಬೇಕು, ಅದು ಇಳಿಯಲು ಶುರುವಾದ ತಕ್ಷಣ ಮುಂದಿನ ಮಾತು ಎತ್ತಬೇಕು. ಬೇಗ ಎತ್ತಿದರೆ ಮಾತು ನಗುವಿನಲ್ಲಿ ಮುಳುಗುತ್ತದೆ. ಪೂರ್ತಿ ತಣ್ಣಗಾಗಲಿ ಅಂತ ಕಾದರೆ ಮತ್ತೆ ಬಿಸಿ ಮಾಡೋದಕ್ಕೆ ಹೆಣಗಾಡಬೇಕು. ಇದು ಪುಸ್ತಕದಲ್ಲಿ ಬರೆದಿರುವುದಿಲ್ಲ, ದಿನಾ ಬದಲಾಗುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಉತ್ಸವದಲ್ಲಿ ಜಿಪುಣ ಯಜಮಾನನ ದೃಶ್ಯ. ಅವನು ಕಾಗದ ಹೇಳಿ ಬರೆಸುತ್ತಿದ್ದಾನೆ, ಆಳು ಬರೆಯುತ್ತಿದ್ದಾನೆ. ಮಸಿ ಮುಗಿದೀತು ಅಂತ ಯಜಮಾನ ಪದಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತಾ ಹೋಗುತ್ತಾನೆ. ಎಡಗಡೆ ಮೂಲೆಯಲ್ಲಿ ಒಬ್ಬರು ಎಲ್ಲರಿಗಿಂತ ಮುಂಚೆ ಕಿಸಕ್ಕನೆ ನಕ್ಕರು. ನಟ ತಲೆ ತಿರುಗಿಸಲಿಲ್ಲ. ಕಣ್ಣುಗುಡ್ಡೆ ಮಾತ್ರ ಆ ಕಡೆ ಹೋಯಿತು. ಕೈಯಲ್ಲಿದ್ದ ಮಸಿಕುಡಿಕೆಯನ್ನು ಮೆಲ್ಲಗೆ ಬಲಗಡೆಗೆ ಸರಿಸಿ, ಅಂಗೈಯಿಂದ ಮುಚ್ಚಿದ. ಆ ನಕ್ಕವರು ಕದ್ದುಬಿಟ್ಟಾರು ಅನ್ನೋ ಹಾಗೆ! ಸಭೆ ಬಿದ್ದು ಬಿದ್ದು ನಕ್ಕಿತು. ಆಳಿನ ಪಾತ್ರದವನು ಬೆನ್ನು ತಿರುಗಿಸಿ ನಿಂತುಬಿಟ್ಟ, ಅವನಿಗೂ ತಡೆಯಲಾಗಲಿಲ್ಲ. ಮಾರನೇ ದಿನದ ಪ್ರದರ್ಶನದಲ್ಲಿ ಅಲ್ಲಿ ಯಾರೂ ನಗಲಿಲ್ಲ, ಅವನು ಅದನ್ನು ಮಾಡಲೂ ಇಲ್ಲ. ಕ್ಯಾಮೆರಾಕ್ಕೆ ಇದು ಹೇಗೆ ಸಿಗುತ್ತದೆ ಹೇಳಿ?

ಇನ್ನು ಆರಿಸುವ ವಿಷಯ. ಉತ್ಸವದಲ್ಲಿ ನಿನ್ನೆ ರಾತ್ರಿಯ ನಾಟಕದ ರಂಗಸಜ್ಜಿಕೆ ಕಳಚಿದ ಮೇಲೆ ಇವತ್ತಿನದು ಏರಬೇಕು, ಲೈಟ್ ಫೋಕಸ್ ಆಗಬೇಕು, ಕೊನೆಗೆ ಉಳಿದ ಸಮಯ ಸೌಂಡ್‌ಗೆ. ಬಹಳ ಸಲ ಏನೂ ಉಳಿದಿರುವುದಿಲ್ಲ. ಹಾಗಾಗಿ ಹಾಡಿನ ನಾಟಕದಲ್ಲಿ ಮೊದಲ ಹತ್ತು ನಿಮಿಷ ಒಬ್ಬರ ಮೈಕ್ ಕಿರುಚುತ್ತದೆ, ಇನ್ನೊಬ್ಬರದು ಸತ್ತಿರುತ್ತದೆ. ಒಂದೇ ನಾಟಕಕ್ಕೆ ಎರಡು ಪ್ರದರ್ಶನ ಇದ್ದರೆ ಎರಡನೆಯದಕ್ಕೆ ಹೋಗಿ. ನಮ್ಮಂಥವರಿಗೆ ಅಷ್ಟರಲ್ಲಿ ಆ ಜಾಗದ ಗುಣ ಗೊತ್ತಾಗಿರುತ್ತದೆ.

ಗಂಭೀರಪ್ಪ

ಎಲ್ಲರೂ ಹೊಗಳುತ್ತಿದ್ದೀರಿ, ಆಗಲಿ. ನಾನು ಗೆಳತಿಯ ಪಕ್ಷ.

ಉತ್ಸವದ ಹಾಸ್ಯ ನಾಟಕಗಳಲ್ಲಿ ನನಗೆ ಕಾಣುವ ದೊಡ್ಡ ಕಾಯಿಲೆ ಅಂದರೆ ಅರ್ಧ ಸಭೆ ರಂಗದವರೇ. ಪರಿಚಯದ ನಟ ರಂಗಕ್ಕೆ ಬಂದ ಕೂಡಲೇ ನಗು ಶುರು, ಅವನು ಇನ್ನೂ ಬಾಯಿ ತೆರೆದಿರುವುದಿಲ್ಲ. ಅವನಿಗೂ ಅದೇ ಬೇಕು. ನಾಟಕ ಬಿಟ್ಟು ಗೆಳೆಯರಿಗೆ ಆಟ ಆಡಲು ಶುರು ಮಾಡುತ್ತಾನೆ. ಹೊರಗಿನಿಂದ ಬಂದ ನಮಗೆ ಯಾರದೋ ಮನೆಯ ಸಮಾರಂಭಕ್ಕೆ ಕರೆಯದೆ ಹೋದ ಹಾಗೆ. ಪ್ಯಾರಿಸ್‌ನಲ್ಲಿ 19ನೇ ಶತಮಾನದಲ್ಲಿ ದುಡ್ಡು ಕೊಟ್ಟು ಚಪ್ಪಾಳೆಯವರನ್ನು ಕರೆತರುತ್ತಿದ್ದರು. ಅದರಲ್ಲಿ ನಗೋದಕ್ಕೇ ಬೇರೆ ಜನ, ಅಳೋದಕ್ಕೇ ಬೇರೆ ಜನ, ಇನ್ನೊಮ್ಮೆ ಹಾಡಿ ಅಂತ ಕೂಗೋದಕ್ಕೆ ಬೇರೆ ಜನ. ಅವರಾದರೂ ಸಂಬಳಕ್ಕೆ ನಗುತ್ತಿದ್ದರು, ಇವರು ಪುಕ್ಕಟೆ ನಗುತ್ತಾರೆ, ಅಷ್ಟೇ ವ್ಯತ್ಯಾಸ.

ಇನ್ನು ಮೈಕ್. ಐದು ಜನ ಒಟ್ಟಿಗೆ ಜಗಳ ಆಡುವ ದೃಶ್ಯ ಅಂದುಕೊಳ್ಳಿ. ಎಲ್ಲರ ಕೆನ್ನೆಗೂ ಮೈಕ್ ಅಂಟಿಸಿದ್ದಾರೆ. ಐವರ ದನಿಯೂ ಬರೋದು ಪಕ್ಕದ ಅದೇ ಎರಡು ಸ್ಪೀಕರ್‌ನಿಂದ. ಯಾರು ಮಾತಾಡುತ್ತಿದ್ದಾರೆ ಅಂತ ತುಟಿ ಹುಡುಕಬೇಕು. ಹುಡುಕುವಷ್ಟರಲ್ಲಿ ಜೋಕ್ ಹೋಗಿರುತ್ತದೆ. ಹಾಡಿನದಂತೂ ಕೇಳಬೇಡಿ. ಮೊದಲೇ ರೆಕಾರ್ಡ್ ಮಾಡಿದ ಸಂಗೀತದ ಟ್ರ್ಯಾಕ್ ಹಾಕಿ ಅದರ ಮೇಲೆ ಹಾಡುತ್ತಾರೆ, ಕೆಲವರು ತುಟಿ ಮಾತ್ರ ಅಲ್ಲಾಡಿಸುತ್ತಾರೆ. ಅದನ್ನು ಇಯರ್‌ಫೋನಲ್ಲೇ ಕೇಳಬಹುದಿತ್ತು ಅಂತ ಗೆಳತಿ ಹೇಳಿದರೆ ತಪ್ಪೇನು?

ಹಾರ್ಮೋನಿಯಂ ಮೆಟ್ಟು

ಗಂಭೀರಪ್ಪನವರೇ, ಟ್ರ್ಯಾಕ್ ವಿಷಯದಲ್ಲಿ ನಿಮ್ಮ ಜೊತೆ ನಾನಿದ್ದೇನೆ. ಆದರೆ ಅದು ಹಾಡಿನ ನಾಟಕದ ದೋಷ ಅಲ್ಲ, ಹಾಡಿನ ನಾಟಕ ಮಾಡಲು ಸೋಮಾರಿತನ ಮಾಡಿದವರ ದೋಷ. ಟ್ರ್ಯಾಕ್ ನಟನಿಗಾಗಿ ಕಾಯುವುದಿಲ್ಲ. ಹಿಮ್ಮೇಳ ಕಾಯುತ್ತದೆ. ಇಷ್ಟೇ ವಿಷಯ.

ಜೀವಂತ ಹಿಮ್ಮೇಳ ಇರುವ ನಾಟಕಕ್ಕೆ ಹೋದರೆ ಒಂದು ಕೆಲಸ ಮಾಡಿ. ಐದು ನಿಮಿಷ ನಟರನ್ನು ಬಿಟ್ಟು ಹಾರ್ಮೋನಿಯಂ ನುಡಿಸುವವರನ್ನು ನೋಡಿ. ಅವರ ಕಣ್ಣು ಮೆಟ್ಟುಗಳ ಮೇಲೆ ಇರುವುದೇ ಇಲ್ಲ, ನಟನ ಬಾಯಿ ಮೇಲೆ ಇರುತ್ತದೆ. ನಟ ಮಾತಿನಿಂದ ಹಾಡಿಗೆ ಜಾರುವ ಕ್ಷಣ ಅವನ ಎದೆ ಸ್ವಲ್ಪ ಏರುತ್ತದೆ. ಅಷ್ಟರಲ್ಲಿ ಶ್ರುತಿ ಬಂದಿರಬೇಕು. ಓಡಿ ಬಂದು ಏದುಸಿರು ಬಿಡುತ್ತಿದ್ದರೆ ಒಂದು ಸುತ್ತು ಜಾಸ್ತಿ ನುಡಿಸಿ ಉಸಿರಿಗೆ ಸಮಯ ಕೊಡುತ್ತಾರೆ. ಸಭೆ ನಗುತ್ತಿದ್ದರೆ ತಬಲಾದವರು ಸುಮ್ನೆ ಠೇಕಾ ಹಿಡಿದು ಕೂತಿರುತ್ತಾರೆ, ನಗು ಇಳಿದ ಮೇಲೆ ಪಲ್ಲವಿ. ಇದನ್ನು ಒಮ್ಮೆ ಕಂಡರೆ ಟ್ರ್ಯಾಕಿನ ನಾಟಕ ಸೇರುವುದಿಲ್ಲ.

ನಮ್ಮ ಕನ್ನಡದಲ್ಲಂತೂ ನಗು ಬೇರೆ ಹಾಡು ಬೇರೆ ಅಂತ ಯಾವತ್ತೂ ಇರಲಿಲ್ಲ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಆ ಕಂಪನಿಯನ್ನು ಮನೆಮಾತಾಗಿಸಿದ ಗುಬ್ಬಿ ವೀರಣ್ಣನವರು ಹೆಸರಾದದ್ದು ಹಾಸ್ಯ ಪಾತ್ರಗಳಿಂದ. 'ಸದಾರಮೆ'ಯಲ್ಲಿ ಅವರ ಕಳ್ಳನ ಪಾತ್ರ ನೋಡಲಿಕ್ಕೇ ಜನ ಬರುತ್ತಿದ್ದರು. ಅದೇ ಕಂಪನಿಗೆ ಹುಡುಗನಾಗಿ ಸೇರಿಕೊಂಡವರು ಬಿ.ವಿ. ಕಾರಂತರು. ಮುಂದೆ ರಂಗಸಂಗೀತ ಅಂದರೆ ಕಾರಂತರು ಅನ್ನುವ ಹಾಗೆ ಆಯಿತಲ್ಲ, ಅದರ ಬೇರು ಅಲ್ಲಿದೆ. ಕಂಪನಿಯ ಹಾಡನ್ನು ಹಾಗೇ ಎತ್ತಿ ತರಲಿಲ್ಲ ಅವರು. ಸಂಗೀತ ಕಚೇರಿ ಮಾಡಬೇಡಿ, ನಾಟಕಕ್ಕೆ ಬೇಕಾದಷ್ಟು ಹಾಡಿ ಅನ್ನೋ ರೀತಿ ಅವರದು. ಯಕ್ಷಗಾನ, ಜನಪದ, ದಾಸರ ಪದ ಎಲ್ಲವೂ ಬಂತು, ಕೈಗೆ ಸಿಕ್ಕ ಸಾಮಾನಿನಿಂದ ನಾದ ತೆಗೆದರು. 1970ರ ದಶಕದ 'ಜೋಕುಮಾರಸ್ವಾಮಿ', 'ಸತ್ತವರ ನೆರಳು' ನಾಟಕಗಳ ಹಾಡುಗಳನ್ನು ಇವತ್ತೂ ಜನ ಗುನುಗುತ್ತಾರೆ. ಎರಡರಲ್ಲೂ ಹೊಟ್ಟೆ ತುಂಬ ನಗು ಇದೆ, ಎರಡೂ ಹಗುರ ನಾಟಕಗಳಲ್ಲ.

ಮತ್ತೆ, ಒನ್ಸ್ ಮೋರ್ ಅಂತ ಕೂಗೋದಕ್ಕೆ ನಮ್ಮ ಕಂಪನಿ ನಾಟಕದವರಿಗೆ ದುಡ್ಡು ಕೊಡಬೇಕಾಗಿರಲಿಲ್ಲ ಸ್ವಾಮಿ. ಸತ್ತು ಬಿದ್ದ ಪಾತ್ರ ಎದ್ದು ಹಾಡಿ, ಮತ್ತೆ ಸತ್ತ ಕಥೆಗಳನ್ನು ಹಿರಿಯರು ಈಗಲೂ ಹೇಳುತ್ತಾರೆ.

ಪ್ರಹಸನ

ಗಂಭೀರಪ್ಪನವರಿಗೆ ಭರತನ ಸಹಾಯ ಬೇಕಾಗುತ್ತದೆ ಅನ್ನಿಸಿತು. ನಾಟ್ಯಶಾಸ್ತ್ರದಲ್ಲಿ ನಗುವಿನಲ್ಲಿ ಆರು ಬಗೆ ಹೇಳಿದ್ದಾನೆ. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲ ಎರಡು ಉತ್ತಮರದ್ದು, ನಡುವಿನವು ಮಧ್ಯಮರದ್ದು, ಕೊನೆಯ ಎರಡು ಅಧಮರದ್ದು. ಸ್ಮಿತದಲ್ಲಿ ಹಲ್ಲು ಕಾಣಿಸುವುದಿಲ್ಲ, ಅತಿಹಸಿತದಲ್ಲಿ ಕಣ್ಣಲ್ಲಿ ನೀರು ಬಂದು ಪಕ್ಕೆ ಹಿಡಿದುಕೊಳ್ಳಬೇಕು. ಗಂಭೀರಪ್ಪನವರು ಸ್ಮಿತದಲ್ಲೇ ನಿಂತ ಉತ್ತಮರು. ನಾನು ಪಕ್ಕೆ ಹಿಡಿದುಕೊಳ್ಳುವವನು, ಏನು ಮಾಡೋಣ.

ತಮಾಷೆ ಬಿಡಿ. ಹಾಸ್ಯ ನಾಟಕ ಅಂದರೆ ಉತ್ಸವದ ಮರ್ಯಾದೆಗೆ ಕಡಿಮೆ ಅನ್ನೋ ಭಾವನೆ ಬಹಳ ಈಚಿನದು. ಪ್ರಾಚೀನ ಅಥೆನ್ಸ್‌ನ ಡಯೋನೀಸಿಯ ಉತ್ಸವದಲ್ಲಿ ಕ್ರಿ.ಪೂ. 486ರಿಂದಲೇ ಹಾಸ್ಯ ನಾಟಕಕ್ಕೆ ಅಧಿಕೃತ ಸ್ಪರ್ಧೆ ಇತ್ತು. ಹಾಸ್ಯದ ಮೇಳದಲ್ಲಿ 24 ಜನ ಹಾಡಿ ಕುಣಿಯುತ್ತಿದ್ದರು. ದುರಂತ ನಾಟಕದ ಮೇಳ ಅದಕ್ಕಿಂತ ಚಿಕ್ಕದು! ಅರಿಸ್ಟೋಫೇನಿಸ್‌ನ 'ಕಪ್ಪೆಗಳು' ಕ್ರಿ.ಪೂ. 405ರಲ್ಲಿ ಇನ್ನೊಂದು ಉತ್ಸವದಲ್ಲಿ ಮೊದಲ ಬಹುಮಾನ ಪಡೆಯಿತು, ಅದನ್ನು ಮತ್ತೊಮ್ಮೆ ಆಡಿಸಿದರು. ಅವರಿಗೂ ಒನ್ಸ್ ಮೋರ್ ಇತ್ತು ನೋಡಿ. ನಮ್ಮ ಕಡೆ ಏಳನೇ ಶತಮಾನದಲ್ಲಿ ಪಲ್ಲವರ ದೊರೆ ಮಹೇಂದ್ರವರ್ಮನೇ ಕೂತು 'ಮತ್ತವಿಲಾಸ' ಪ್ರಹಸನ ಬರೆದ. ಕುಡಿದ ಕಾಪಾಲಿಕ ಸನ್ಯಾಸಿಯೊಬ್ಬ ತನ್ನ ಕಪಾಲ, ಅಂದರೆ ತಲೆಬುರುಡೆಯ ಭಿಕ್ಷಾಪಾತ್ರೆ ಕಳೆದುಕೊಂಡು ಬೌದ್ಧ ಭಿಕ್ಷುವಿನ ಮೇಲೆ ಕಳ್ಳತನದ ಆರೋಪ ಹೊರಿಸುತ್ತಾನೆ. ಕೊನೆಗೆ ನೋಡಿದರೆ ನಾಯಿ ಎತ್ತಿಕೊಂಡು ಹೋಗಿರುತ್ತದೆ. ರಾಜನಿಗೆ ಬೇರೆ ಕೆಲಸ ಇರಲಿಲ್ವಾ ಅಂತ ಕೇಳಬೇಡಿ.

ಮೂರನೇ ಬೆಲ್

ಗೆಳತಿಗೆ ಕಳಿಸಿದೆ. ನಾಯಿ ಕಥೆಗೆ ನಕ್ಕಳು, ಆದರೆ ಒಪ್ಪಿಲ್ಲ. ದಿನಕ್ಕೆ ಎಷ್ಟು ನೋಡಬಹುದು ಅನ್ನೋದನ್ನು ಯಾರೂ ಹೇಳಲಿಲ್ಲ. ನಾಲ್ಕು ಹಾಸ್ಯ ನಾಟಕ ಒಂದೇ ದಿನ ಬೀಳುತ್ತಿದೆ, ನಾಲ್ಕನ್ನೂ ಹಿಡಿಯೋಣವಾ?

ಫ್ರಿಂಜ್ ಪೋಸ್ಟರ್

ಬೇಡ! ಬೇಡ! ಸ್ಕಾಟ್ಲೆಂಡಿನ ಎಡಿನ್‌ಬರೋಕ್ಕೆ ಹೋಗುವ ಎಲ್ಲರೂ ಮೊದಲ ದಿನ ಮಾಡುವುದು ಇದನ್ನೇ. ಅಲ್ಲಿನ ಫ್ರಿಂಜ್ ಉತ್ಸವದಲ್ಲಿ ಬಹುತೇಕ ಪ್ರದರ್ಶನ ಒಂದು ಗಂಟೆಯವು. ಒಂದು ತಂಡ ಹೊರಗೆ ಹೋಗುತ್ತಿದ್ದ ಹಾಗೆ ಇನ್ನೊಂದು ತಂಡ ಒಳಗೆ, ನಡುವೆ ಹತ್ತು ಹದಿನೈದು ನಿಮಿಷ ಸಿಕ್ಕರೆ ಪುಣ್ಯ. ಒಂದೇ ದಿನ ಆರೇಳು ನೋಡಬಹುದು. ನೋಡಿದವರಿಗೆ ಸಂಜೆ ಹೊತ್ತಿಗೆ ಯಾವ ಜೋಕ್ ಯಾವುದರಲ್ಲಿ ಬಂತು ಅನ್ನೋದೇ ನೆನಪಿರುವುದಿಲ್ಲ. ನಗು ಕೂಡ ದಣಿಯುತ್ತದೆ. ಎರಡನೇ ಹಾಸ್ಯ ನಾಟಕದ ಮೇಲೆ ಮೂರನೆಯದಕ್ಕೆ ನೀವು ನಗುವುದಿಲ್ಲ, ತೂಗಿ ನೋಡುತ್ತೀರಿ. ನಾನಾದರೆ ಮಧ್ಯಾಹ್ನ ಒಂದು ಹಾಸ್ಯ, ರಾತ್ರಿ ಹಾಡಿನದು, ನಡುವೆ ಬೇಕಿದ್ದರೆ ಗೆಳತಿ ಹೇಳುವ ಗಟ್ಟಿ ನಾಟಕ ಒಂದು. ಗಂಭೀರ ನಾಟಕ ಕಂಡ ಮೇಲೆ ಹಾಸ್ಯಕ್ಕೆ ಕೂತರೆ ನಗು ಬೇಗ ಬರುತ್ತದೆ.

ಫ್ರಿಂಜ್ ಬಗ್ಗೆ ಒಂದು ವಿಷಯ ಹೇಳಲೇಬೇಕು. 1947ರಲ್ಲಿ ಎಡಿನ್‌ಬರೋ ಅಂತರರಾಷ್ಟ್ರೀಯ ಉತ್ಸವ ಶುರುವಾದಾಗ ಕರೆಯೋಲೆ ಇಲ್ಲದೆ ಎಂಟು ತಂಡಗಳು ಬಂದು, ಸಿಕ್ಕ ಜಾಗದಲ್ಲಿ ನಾಟಕ ಆಡಿದವು. ಅದೇ ಬೆಳೆದು ಫ್ರಿಂಜ್ ಆಯಿತು. ಇವತ್ತಿಗೂ ಅಲ್ಲಿ ಆಯ್ಕೆ ಸಮಿತಿ ಇಲ್ಲ. ಜಾಗ ಹೊಂದಿಸಿಕೊಂಡವರು ಯಾರು ಬೇಕಾದರೂ ಆಡಬಹುದು. ಹಾಗೆ ಬಾಗಿಲು ತೆರೆದಿಟ್ಟ ಕಡೆ ಹಾಸ್ಯ ತಾನಾಗಿ ನುಗ್ಗಿತು. 1981ರಲ್ಲಿ ಹಾಸ್ಯಕ್ಕೇ ಒಂದು ಪ್ರಶಸ್ತಿ ಬಂತು. 2008ರಲ್ಲಿ ಹಾಸ್ಯ ಪ್ರದರ್ಶನಗಳ ಸಂಖ್ಯೆ ನಾಟಕಗಳನ್ನು ಮೊದಲ ಬಾರಿಗೆ ಹಿಂದೆ ಹಾಕಿತು. ಹಾಡಿನ ನಾಟಕಕ್ಕೂ ಇದೇ ಬಾಗಿಲು. ಎಂಟನೇ ಹೆನ್ರಿಯ ಆರು ರಾಣಿಯರು ಬ್ಯಾಂಡ್ ಕಟ್ಟಿಕೊಂಡು ತಮ್ಮ ಗೋಳು ಹಾಡುವ 'ಸಿಕ್ಸ್' ಇದೆಯಲ್ಲ, ಅದನ್ನು ಕೇಂಬ್ರಿಜ್‌ನ ವಿದ್ಯಾರ್ಥಿಗಳು 2017ರಲ್ಲಿ ಫ್ರಿಂಜ್‌ಗೆ ಅಂತ ಮಾಡಿದ್ದು. 2021ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ಸೇರಿತು. ಅದರಲ್ಲಿ ವಾದ್ಯದವರು ರಂಗದ ಮೇಲೇ ಇರುತ್ತಾರೆ, ಹಾರ್ಮೋನಿಯಂ ಮೆಟ್ಟು ಅವರಿಗೆ ಸಮಾಧಾನ ಆಗಲಿ ಅಂತ ಹೇಳಿದೆ.

ಹಾಗಾಗಿ ಆರಿಸುವಾಗ ದೊಡ್ಡ ಹೆಸರನ್ನೇ ಹಿಡಿಯಬೇಡಿ. ದೊಡ್ಡ ಹೆಸರಿನ ನಾಟಕ ಉತ್ಸವ ಮುಗಿದ ಮೇಲೂ ಇನ್ನೆಲ್ಲೋ ಆಡುತ್ತದೆ. ಪಟ್ಟಿಯ ಮೂಲೆಯಲ್ಲಿ, ಅನುಕೂಲವಿಲ್ಲದ ಹೊತ್ತಿಗೆ, ಹೆಸರು ಕೇಳದ ತಂಡದ್ದು ಒಂದಾದರೂ ಇರಲಿ. ಕೆಟ್ಟದಾಗಿದ್ದರೆ ಕೆಟ್ಟದ್ದು. ಸಾಲಿನಲ್ಲಿ ನಿಂತ ಜನರನ್ನು ಕೇಳಿ, ನಿನ್ನೆ ಏನು ನೋಡಿದಿರಿ ಅಂತ. ಉತ್ಸವದಲ್ಲಿ ಅಪರಿಚಿತರೂ ಮಾತಾಡುತ್ತಾರೆ. ಪತ್ರಿಕೆಯ ವಿಮರ್ಶೆಗಿಂತ ಆ ಸಾಲಿನ ಮಾತು ವಾಸಿ.

ಹೊಸಬ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬೇರೆ ಭಾಷೆಯ ಹಾಸ್ಯ ನಾಟಕಕ್ಕೆ ಹೋಗಬಹುದಾ? ಭಾಷೆ ಬರುವುದಿಲ್ಲ ಅಂದರೆ ಎಲ್ಲರೂ ನಗುವಾಗ ಪೆಚ್ಚುಪೆಚ್ಚಾಗಿ ಕೂರಬೇಕಾಗುತ್ತಾ?

ನೇಪಥ್ಯ

ಮಾತಿನ ಮೇಲೆ ನಿಂತ ಹಾಸ್ಯವಾದರೆ ಕಷ್ಟ. ಕೈಲಾಸಂ ನಾಟಕಗಳ ಆ ಕನ್ನಡ ಇಂಗ್ಲಿಷ್ ಕಲಸಿದ ಮಾತಿನ ಮಜಾ ಕನ್ನಡ ಬಾರದವರಿಗೆ ಹೇಗೆ ದಾಟಿಸುತ್ತೀರಿ? ಮೈಮೇಲಿನ ಹಾಸ್ಯ, ಮುಖವಾಡ, ಗೊಂಬೆ, ಹಾಡು ಇರುವುದಕ್ಕೆ ಧೈರ್ಯವಾಗಿ ಹೋಗಿ.

ಈಗ ಬಹಳ ಉತ್ಸವಗಳಲ್ಲಿ ರಂಗದ ಮೇಲ್ಗಡೆ ಪರದೆಯಲ್ಲಿ ಅನುವಾದ ಬರುತ್ತದೆ. 1983ರಲ್ಲಿ ಟೊರಾಂಟೊದ ಕೆನಡಿಯನ್ ಒಪೆರಾ ಕಂಪನಿ ಇದನ್ನು ಮೊದಲು ತಂದದ್ದು. ಒಪೆರಾಕ್ಕೆ ಅದು ವರ, ಹಾಡುವವರು ಒಂದೇ ಸಾಲನ್ನು ಎಳೆದು ಎಳೆದು ಹಾಡುತ್ತಾರೆ, ಓದಲು ಬೇಕಾದಷ್ಟು ಸಮಯ. ಹಾಸ್ಯಕ್ಕೆ ಮಾತ್ರ ತಲೆನೋವು. ನಟ ಇನ್ನೂ ಬಾಯಿ ತೆರೆಯುವ ಮೊದಲೇ ಪರದೆಯಲ್ಲಿ ಉತ್ತರ ಬಂದುಬಿಟ್ಟರೆ ಸಭೆ ಅವನಿಗಿಂತ ಮುಂಚೆ ನಗುತ್ತದೆ. ಪಾಪ, ಅವನು ಆಡದ ಜೋಕಿಗೆ ನಗು ಕೇಳಿ, ಆಮೇಲೆ ಅದನ್ನೇ ಮೌನದಲ್ಲಿ ಹೇಳಬೇಕು. ಬಲ್ಲ ತಂಡದವರು ಕೊನೆಯ ಪದವನ್ನು ಬೇರೆ ಸ್ಲೈಡಿಗೆ ಹಾಕಿ, ನಟನ ಜೊತೆಗೇ ಗುಂಡಿ ಒತ್ತುತ್ತಾರೆ. ಆ ಗುಂಡಿ ಒತ್ತುವವರಿಗೂ ಟೈಮಿಂಗ್ ಬೇಕು. ಹೋಗುವ ಮುಂಚೆ ಕಥೆಯ ಸಾರಾಂಶ ಓದಿಕೊಂಡು ಹೋಗಿ, ಪರದೆ ಕಡಿಮೆ ನೋಡಿ.

ಹಿಂದಿನ ಸಾಲು

ಇನ್ನೊಂದು ಮಾತು, ಹೊತ್ತಿಗೆ ಮುಂಚೆ ಹೋಗಿ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ರಂಗಶಂಕರ ರಂಗಮಂದಿರದಲ್ಲಿ ನಾಟಕ ಶುರುವಾದ ಮೇಲೆ ಬಾಗಿಲು ತೆರೆಯುವುದಿಲ್ಲ, ಯಾರೇ ಬರಲಿ. ಇದು ಶಿಸ್ತಿನ ಗೀಳು ಅಂತ ಕೆಲವರಿಗೆ ಅನ್ನಿಸುತ್ತದೆ. ಹಾಸ್ಯ ನಾಟಕಕ್ಕೆ ಇದು ಜೀವದ ಪ್ರಶ್ನೆ. ಮೊದಲ ಹತ್ತು ನಿಮಿಷದಲ್ಲಿ ನಟ ಒಂದೊಂದೇ ಸಣ್ಣ ವಿಷಯ ಇಟ್ಟು ಹೋಗಿರುತ್ತಾನೆ, ಛತ್ರಿಯೋ, ಒಂದು ಅಡ್ಡ ಹೆಸರೋ, ಸುಮ್ನೆ ಹೇಳಿದ ಸುಳ್ಳೋ. ಅರ್ಧ ಗಂಟೆ ಆದ ಮೇಲೆ ಅದೇ ಸ್ಫೋಟ ಆಗೋದು. ತಡವಾಗಿ ಬಂದವರು ಪಕ್ಕದವರನ್ನು ಕೇಳುತ್ತಾರೆ, ಏನು, ಯಾಕೆ ನಕ್ಕರು? ಪಕ್ಕದವರು ವಿವರಿಸುತ್ತಾರೆ. ಈಗ ಇಬ್ಬರಿಗೂ ಮುಂದಿನದು ತಪ್ಪಿತು, ಹಿಂದಿನ ಸಾಲಿನ ನನಗೂ ತಪ್ಪಿತು.

ಫೋನ್ ಬಗ್ಗೆ ಹೇಳಿದರೆ ನನ್ನ ರಕ್ತದೊತ್ತಡ ಏರುತ್ತದೆ, ಬಿಡಿ.

ಗಂಭೀರಪ್ಪ

ಪ್ರಹಸನ ಅವರೇ, ಸ್ಮಿತದ ಮೇಲೆ ನನ್ನ ಹಲ್ಲೂ ಕಾಣಿಸಿತು ಇವತ್ತು. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಗ್ರೀಕರ ಹಾಸ್ಯದಲ್ಲಿ ಆಳುವವರ ಹೆಸರು ಹಿಡಿದು ಬೈಯುತ್ತಿದ್ದರು. ನಮ್ಮಲ್ಲೂ ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಆ ದಿನದ ಪತ್ರಿಕೆಯ ಸುದ್ದಿಯನ್ನೇ ಎತ್ತಿಕೊಂಡು, ಮುಂದಿನ ಸಾಲಿನಲ್ಲಿ ಕೂತ ಮಂತ್ರಿಗೂ ಬಿಡದೆ ಜಾಡಿಸುತ್ತಿದ್ದರು. ಅದು ಹಾಸ್ಯ. ಉತ್ಸವಕ್ಕೆ ಅಂತ ಆರಿಸಿ ತರುವ ಹಾಸ್ಯ ಯಾರಿಗೂ ನೋಯದ ಹಾಗೆ ಇರುತ್ತದೆ. ಗಂಡ ಹೆಂಡತಿ ಜಗಳ, ಕಿವುಡ ಮಾವ, ತೊದಲುವ ಆಳು. ಇದಕ್ಕೆ ನಗಬೇಕಾ?

ಹಾರ್ಮೋನಿಯಂ ಮೆಟ್ಟು

ಕಿವುಡ ಮಾವನಿಗೆ ನಾನೂ ನಗುವುದಿಲ್ಲ. ಆದರೆ ಅಂಥ ನಾಟಕ ಬಂದಾಗ ಎದ್ದು ಹೋಗುವ ಬದಲು ಕೂತು ನಗದೇ ಇರಿ. ಸಭೆ ನಗದಿದ್ದರೆ ನಟನಿಗೆ ತಲುಪುವಷ್ಟು ಯಾವ ವಿಮರ್ಶೆಯೂ ತಲುಪುವುದಿಲ್ಲ. ಮುಂದಿನ ಪ್ರದರ್ಶನದಲ್ಲಿ ಆ ಮಾತು ಮಾಯವಾಗಿರುತ್ತದೆ. 'ಮುಖ್ಯಮಂತ್ರಿ' ನಾಟಕ 1980ರಿಂದ ಇಷ್ಟು ವರ್ಷ ಹೇಗೆ ನಡೆಯಿತು ಅಂದುಕೊಂಡಿರಿ? ಆ ಪಾತ್ರ ಮಾಡಿದ ಚಂದ್ರು ಅವರ ಹೆಸರಿನ ಹಿಂದೆಯೇ ನಾಟಕದ ಹೆಸರು ಅಂಟಿಕೊಂಡಿತು. ಪ್ರತಿ ಸಭೆಯೂ ತನ್ನ ಕಾಲದ ರಾಜಕೀಯವನ್ನು ಅದರೊಳಗೆ ಹಾಕಿಕೊಂಡು ನಕ್ಕಿತು, ಅಲ್ವಾ?

ಮೂರನೇ ಬೆಲ್

ಹೋಗಿ ಬಂದೆ. ವರದಿ ಕೊಡುತ್ತೇನೆ ಅಂತ ಹೇಳಿರಲಿಲ್ಲ, ಆದರೂ ಕೊಡುತ್ತೇನೆ.

ಫ್ರಿಂಜ್ ಪೋಸ್ಟರ್ ಹೇಳಿದ ಹಾಗೆ ನಾಲ್ಕರಲ್ಲಿ ಎರಡು ಬಿಟ್ಟೆವು. ಮಧ್ಯಾಹ್ನದ ಹಾಸ್ಯ ನಾಟಕ ಒಂದು ಚಿಕ್ಕ ರಂಗಮಂದಿರದಲ್ಲಿ, ಮೈಕ್ ಇಲ್ಲ, ಐದನೇ ಸಾಲು. ಇಬ್ಬರೇ ನಟರು, ಒಂದು ಬಾಗಿಲು. ಬಾಗಿಲು ಅಂದರೆ ಬರೀ ಚೌಕಟ್ಟು, ಗೋಡೆ ಇಲ್ಲ. ಒಬ್ಬ ಬಾಗಿಲು ತಟ್ಟುತ್ತಾನೆ, ಒಳಗಿನವನು ತೆಗೆಯುವುದಿಲ್ಲ. ಪಕ್ಕದಿಂದ ನಡೆದು ಬರಬಹುದು ಅಂತ ಇಬ್ಬರಿಗೂ ಗೊತ್ತು, ನಮಗೂ ಗೊತ್ತು. ಆದರೂ ಕೊನೆಯವರೆಗೆ ತಟ್ಟುತ್ತಲೇ ಇರುತ್ತಾನೆ. ಒಮ್ಮೆ ಅವನು ಚೌಕಟ್ಟಿನ ಆಚೆ ಕಾಲಿಟ್ಟು, ನಮ್ಮನ್ನು ನೋಡಿ, ಕಾಲು ಹಿಂದೆ ತೆಗೆದುಕೊಂಡ. ಅಷ್ಟಕ್ಕೇ ಸಭೆ ಎರಡು ನಿಮಿಷ ನಕ್ಕಿತು. ಗೆಳತಿಗೆ ಬಿಕ್ಕಳಿಕೆ ಬಂತು. ಪ್ರಹಸನ ಅವರ ಲೆಕ್ಕದಲ್ಲಿ ಅದು ಅತಿಹಸಿತವೇ.

ರಾತ್ರಿಯ ಹಾಡಿನ ನಾಟಕ ದೊಡ್ಡ ಸಭಾಂಗಣದಲ್ಲಿ. ಗಂಭೀರಪ್ಪನವರು ಹೇಳಿದ ಸ್ಪೀಕರ್ ರೋಗ ಪೂರ್ತಿ ಇತ್ತು. ಮೊದಲ ಹಾಡಿನ ಒಂದು ಪದವೂ ತಿಳಿಯಲಿಲ್ಲ. ಆಮೇಲೆ ಒಂದು ಕಡೆ ಕರೆಂಟೋ ಏನೋ, ಸ್ಪೀಕರ್ ನಿಂತೇ ಹೋಯಿತು. ಹಾಡುತ್ತಿದ್ದ ಹುಡುಗಿ ನಿಲ್ಲಿಸಲಿಲ್ಲ. ಮುಂದೆ ಬಂದು, ದನಿ ಎತ್ತಿ ಹಾಡಿದಳು. ಹಿಮ್ಮೇಳದವರು ವಾದ್ಯ ತಗ್ಗಿಸಿದರು, ಕೋರಸ್‌ನವರು ಒಬ್ಬೊಬ್ಬರಾಗಿ ಅವಳ ಹಿಂದೆ ಬಂದು ನಿಂತು ಸೇರಿಕೊಂಡರು. ಅದು ನಾಟಕದಲ್ಲಿ ಇದ್ದದ್ದಾ ಇಲ್ಲದ್ದಾ ತಿಳಿಯದು. ಇಡೀ ರಾತ್ರಿಯಲ್ಲಿ ಪದ ಪದವೂ ಕೇಳಿಸಿದ್ದು ಅದೊಂದೇ ಹಾಡು.

ಗೆಳತಿ ಆರಿಸಿದ ಗಟ್ಟಿ ನಾಟಕವೂ ನೋಡಿದೆವು. ಚೆನ್ನಾಗಿತ್ತು. ಅವಳು ನಡುವೆ ಸ್ವಲ್ಪ ನಿದ್ದೆ ಮಾಡಿದಳು, ಇದನ್ನು ಇಲ್ಲಿ ಬರೆದಿದ್ದೇನೆ ಅಂತ ಅವಳಿಗೆ ಹೇಳಬೇಡಿ.

ಗಂಭೀರಪ್ಪ

ಸ್ಪೀಕರ್ ನಿಂತ ಮೇಲೆ ಹಾಡು ಕೇಳಿಸಿತು ಅಂತ ನೀವೇ ಬರೆದಿದ್ದೀರಿ. ನಾನು ಬೇರೆ ಏನು ಹೇಳಿದ್ದೆ?

ನೇಪಥ್ಯ

ಮೈಕ್ ಬೇಡ ಅನ್ನೋದು ಸುಲಭ ಸಾರ್. ಸಾವಿರ ಜನರ ಸಭಾಂಗಣದಲ್ಲಿ ವಾದ್ಯಗಳ ಮೇಲೆ ಒಂದು ದನಿ ಎಷ್ಟು ದೂರ ಹೋಗುತ್ತದೆ? ಆ ಹುಡುಗಿ ಒಂದು ಹಾಡು ಹಾಡಿದಳು, ಎರಡು ಗಂಟೆ ಹಾಗೇ ಹಾಡಿದ್ದರೆ ಮಾರನೇ ದಿನ ಗಂಟಲು ಇರುತ್ತಿರಲಿಲ್ಲ. ಮಾತಿಗೆ ಹಿತವಾದ ಸಭಾಂಗಣದಲ್ಲಿ ದನಿ ಸುಮಾರು ಒಂದು ಸೆಕೆಂಡಿನಲ್ಲಿ ಅಡಗಬೇಕು, ವಾದ್ಯಗೋಷ್ಠಿಗೆ ಎರಡು ಸೆಕೆಂಡ್‌ವರೆಗೆ ಉಳಿದರೆ ಚೆನ್ನ. ಹಾಡಿನ ನಾಟಕಕ್ಕೆ ಎರಡೂ ಬೇಕು. ಅದಕ್ಕೇ ಅದು ಎಲ್ಲಿ ಹೋದರೂ ಜಗಳ.

ಹೊಸಬ

ನಾನು ಭಾಷೆ ಬಾರದ ಗೊಂಬೆ ನಾಟಕಕ್ಕೆ ಹೋಗಿದ್ದೆ. ಪರದೆ ನೋಡಲೇ ಇಲ್ಲ, ಎಲ್ಲರ ಜೊತೆ ನಕ್ಕೆ. ಮುಂದಿನ ಸಲ ಐದು ವರ್ಷದ ಮಗಳನ್ನು ಹಾಡಿನ ನಾಟಕಕ್ಕೆ ಕರೆದುಕೊಂಡು ಹೋಗಬಹುದಾ? ಎರಡೂವರೆ ಗಂಟೆ ಕೂರುತ್ತಾಳಾ ಅಂತ ಅನುಮಾನ.

ಹಿಂದಿನ ಸಾಲು

ಒಂದು ಗಂಟೆಯದ್ದು ಆರಿಸಿ, ಮಕ್ಕಳಿಗೆ ಅಂತಲೇ ಇರುವ ಬೆಳಗಿನ ಪ್ರದರ್ಶನ ಇದ್ದರೆ ಅದು. ಸ್ಪೀಕರ್ ಹತ್ತಿರ ಕೂರಿಸಬೇಡಿ. ನಡುವೆ ಎದ್ದು ಹೋಗಬೇಕಾಗಬಹುದು, ಹಾಗಾಗಿ ನಿಮಗೆ ಮಾತ್ರ ದಾರಿ ಪಕ್ಕದ ಸೀಟು, ನಾನು ಮೇಲೆ ಹೇಳಿದ್ದು ಮರೆತುಬಿಡಿ. ತಪ್ಪಾದ ಜಾಗದಲ್ಲಿ ಜೋರಾಗಿ ನಕ್ಕರೆ ಸುಮ್ಮನಿರಿಸಬೇಡಿ, ನಟರಿಗೆ ಅಂಥ ಮಗು ಒಂದು ಸಿಕ್ಕರೆ ಹಬ್ಬ.